ಎಡಗೈಯ ಬಲ

ಜನ್ನಾಪುರ, ಭದ್ರಾವತಿ
೧೪-೧೧-೨೦೦೩, ಶುಕ್ರವಾರ

ಹೇಮಶ್ರೀ ಮೇಡಂ ಅವರಿಗೆ ಮಾಸ್ತಮ್ಮ ಮಾಡುವ ನಮಸ್ಕಾರಗಳು.

ಶಿವಮೊಗ್ಗದಲ್ಲಿ ನಿಮ್ಮ ಹತ್ತಿರ ಬಲಗೈಗೆ ಫಿಸಿಯೋಥೆರಪಿ ಮಾಡಿಸಿಕೊಳ್ಳುವ ಓಬಯ್ಯನವರ ಹೆಂಡತಿ ನಾನು. ಮೊನ್ನೆ ಹಿಡಿತ ಅಳೆಯುವ ಮಿಷನ್ನನ್ನು ಅವರಿಂದ ಹಿಂಡಿಸಿದಿರಿ. ಎರಡು ಕೈಗೂ ಮುಳ್ಳು ಒಂದೇ ಕಡೆ ನಿಂತಿತು. "ಸಮ ಬಂತಲ್ಲ, ಇನ್ನು ಕೆಲಸಕ್ಕೆ ಹೋಗಬಹುದು" ಎಂದು ಚೀಟಿ ಬರೆದುಕೊಟ್ಟಿರಿ.

ನಿನ್ನೆ ಒಗೆದ ದುಪ್ಪಟಿಯ ಎರಡು ತುದಿ ಹಿಡಿದು ಇಬ್ಬರೂ ಹಿಂಡುತ್ತಿದ್ದೆವು. ಅವರು ಎಡಗೈಯಲ್ಲಿ ತಿರುಚಿದಾಗ ದುಪ್ಪಟಿ ನನ್ನ ಕೈಯಿಂದಲೇ ಕಿತ್ತುಕೊಂಡು ಹೋಯಿತು. ಬಲಗೈಗೆ ಬದಲಿಸಿದ ಕೂಡಲೇ ಅವರ ಕೈಯಿಂದ ಜಾರಿ ಮಣ್ಣಿಗೆ ಬಿತ್ತು. ಇದೆಂಥ ಸಮ ಎಂದು ಕೇಳಿದೆ.

"ಮಿಷನ್ ಹಿಂಡುವಾಗ ಎಡಗೈ ಸಡಿಲ ಬಿಟ್ಟೆ ಮಾರಾಯ್ತಿ. ಮನೇಲಿ ಕೂತು ಕೂತು ಸಾಕಾಗಿದೆ ನಂಗೆ" ಅಂದರು.

ನನಗೂ ಸಾಕಾಗಿದೆ ಮೇಡಂ. ಜಗಳ ಆಡುವ ತ್ರಾಣವೂ ಇಲ್ಲ. ದುಪ್ಪಟಿಯನ್ನು ಇನ್ನೊಮ್ಮೆ ಒಗೆದು ಒಣಗಲು ಹಾಕಿದೆ.

ಟಪಾಲು ತಡವಾಗುತ್ತದೆಂದು ಈ ಕಾಗದವನ್ನು ಪಕ್ಕದ ಮನೆಯ ಕವನಳ ಕೈಯಲ್ಲಿ ಕಳಿಸಿದ್ದೇನೆ. ದಯವಿಟ್ಟು ನಾಳೆಯೇ ನಮ್ಮ ಬೀದಿಯ ಅಂಗಡಿಗೆ ಫೋನ್ ಮಾಡಿ ಅವರನ್ನು ಕರೆಸಿಕೊಳ್ಳಿ. ಅವತ್ತು ಮಿಷನ್ ಕೆಟ್ಟಿತ್ತು, ಮತ್ತೆ ನೋಡಬೇಕು ಎನ್ನಿ, ನಂಬುತ್ತಾರೆ. ನಾನು ಬರೆದದ್ದು ಮಾತ್ರ ಅವರಿಗೆ ತಿಳಿಯುವುದು ಬೇಡ.

ಸೋಮವಾರ ಅವರು ಫೌಂಡ್ರಿಗೆ ಹೊರಟಿದ್ದಾರೆ. ಕರಗಿದ ಕಬ್ಬಿಣದ ಪಾತ್ರೆಯನ್ನು ಅಲ್ಲಿ ಇಬ್ಬರು ಎರಡು ಕಡೆ ಹಿಡಿದು ಹೊರಬೇಕು. ಇನ್ನೊಂದು ಕಡೆ ಹಿಡಿಯುವವನು ನನ್ನ ತಮ್ಮ ಹಾಲೇಶ.

ನಿಮ್ಮ ಫೋನಿಗೆ ಕಾಯುತ್ತಿರುವ,
ಮಾಸ್ತಮ್ಮ