ಔಷಧಿಯಾದ ಕೋಳಿಸಾರು

ಪಿ.ಜೆ. ಬಡಾವಣೆ, ದಾವಣಗೆರೆ
೧೧ ಫೆಬ್ರವರಿ ೨೦೨೫, ಮಂಗಳವಾರ

ಪ್ರೀತಿಯ ಮೆಹರ್,

ಸಲಾಂ ಕಣೆ. ಮೊದಲು ಬೈಯುವಷ್ಟು ಬೈದುಬಿಡು, ಆಮೇಲೆ ಓದು. ನಿನ್ನ ಮೊಣಕಾಲಿನ ಆಪರೇಷನ್ ಆಗಿ ಎರಡು ತಿಂಗಳಾದರೂ ಬಂದು ನೋಡಲಿಲ್ಲ. ನಿನಗೆ ಕಾಲು ಕೈಕೊಟ್ಟಿತು, ನನಗೆ ಕಾಲವೇ ಕೈಕೊಟ್ಟಿತು. ಹರಿಹರವೇನು ಸಮುದ್ರದಾಚೆ ಇದೆಯೇ ಎಂದು ಕೇಳಬೇಡ. ಬಾತಿ ದಾಟಿದರೆ ಬಂತು ಎನ್ನುವಷ್ಟು ಹತ್ತಿರದ ತವರೂರಿಗೆ ಹೋಗದೇ ಇರಲು ಎಷ್ಟು ಅಭ್ಯಾಸ ಬೇಕೆಂಬುದು ಮೂವತ್ತೈದು ವರ್ಷದಿಂದ ಈ ಮನೆಯ ಸೊಸೆಯಾಗಿರುವ ನನಗೆ ಗೊತ್ತು.

ಫೋನು ಮಾಡಬಹುದಿತ್ತು. ಆದರೆ ನಮ್ಮತ್ತೆ ಕೊಟ್ರವ್ವನವರಿಗೆ ಎಂಬತ್ತಾರಾಯಿತು. ಕಿವಿ ಮಂದ, ಕುತೂಹಲ ಚುರುಕು. ಯಾರ ಫೋನು ಬಂದರೂ "ಸ್ಪೀಕರಿಗೆ ಹಾಕವ್ವ, ನಾನೂ ಕೇಳ್ತೀನಿ" ಅನ್ನುತ್ತಾರೆ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ನನ್ನ ಫೋನು ದಿನವಿಡೀ ಯಜಮಾನರ ಹೊಟ್ಟೆಯ ಮೇಲೆ ಕೂತಿರುತ್ತದೆ. ಹಾಗಾಗಿ ಈ ಕಾಗದ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಪತ್ರಲೇಖನ ಕಲಿಸಿದ ಮೇಷ್ಟ್ರಮ್ಮ ನಿವೃತ್ತಿಯಾದ ಮೇಲೆ ಬರೆಯುತ್ತಿರುವ ಮೊದಲ ಪತ್ರ. ಅಂಕ ಕೊಡುವಾಗ ಕೈ ಬಿಗಿಹಿಡಿಯಬೇಡ.

ಸುದ್ದಿ ಏನೆಂದರೆ, ಮೊನ್ನೆ ಭಾನುವಾರ ನಾನು ಕೋಳಿಸಾರು ಮಾಡಿದೆ.

ನಗಬೇಡ. ನಾನೇ ಮಾಡಿದೆ. ಈ ಮನೆಯಲ್ಲೇ ಮಾಡಿದೆ.

ನಮ್ಮ ಯಜಮಾನರು ಡಿಸೆಂಬರಿನಲ್ಲಿ ಜ್ವರ ಹಿಡಿದು ಮಲಗಿದವರು, ಆಸ್ಪತ್ರೆಯಿಂದ ಬಂದಮೇಲೂ ಏಳಲಿಲ್ಲ. ಹೆಸರಿಗೆ ತಕ್ಕಂತೆ ನಾಗಭೂಷಣರು ಹಾಸಿಗೆಯಲ್ಲಿ ಸುರುಳಿ ಸುತ್ತಿಕೊಂಡೇ ಇದ್ದರು. ಹೋದ ವಾರ ಡಾಕ್ಟರು ರಿಪೋರ್ಟು ನೋಡಿ, "ಮೈಯಾಗೆ ಪ್ರೋಟೀನೇ ಇಲ್ರೀ. ಬೇಳೆಕಾಳು ಕೊಟ್ರೆ ಹೊಟ್ಟೆ ಉಬ್ಬರ ಅಂತಾರೆ. ವಾರಕ್ಕೆ ಎರಡು ಸಲ ಚಿಕನ್ ಕೊಡ್ರಿ, ಒಂದು ತಿಂಗಳು ನೋಡಾಣ" ಎಂದರು. ನಾನು ಮನೆಗೆ ಬಂದು ಅತ್ತೆಗೆ ಹೇಳುವುದು ಹೇಗೆಂದು ದಾರಿಯುದ್ದಕ್ಕೂ ಪೀಠಿಕೆ ಕಟ್ಟುತ್ತಿದ್ದೆ. ಅಷ್ಟು ಕಷ್ಟವೇ ಆಗಲಿಲ್ಲ. ಅತ್ತೆ ಒಂದು ನಿಮಿಷ ಕಣ್ಣು ಮುಚ್ಚಿದರು, ತೆರೆದರು.

"ಡಾಕ್ಟ್ರು ಹೇಳಿದ ಮ್ಯಾಲೆ ಅದು ಕೋಳಿ ಅಲ್ಲವ್ವ, ಔಷಧಿ. ಹಿತ್ತಲಾಗೆ ಮಾಡು. ಪಾತ್ರೆ ಬ್ಯಾರೆ ತಗೊಂಬಾ. ಮಾಡಿದ ಮ್ಯಾಲೆ ತಲೆಗೆ ನೀರು ಹಾಕ್ಕೊಂಡು ಒಳಗೆ ಬಾ."

ಅವರ ಮಡಿ ಎಂಥದೆಂದು ಅವತ್ತು ಗೊತ್ತಾಯಿತು ಮೆಹರ್. ಬೇಕಾದಾಗ ಮಡಚಿ ಇಡಬಹುದಾದ ಮಡಿ.

ನನ್ನ ಮದುವೆಯ ಕಥೆ ನಿನಗೆ ಗೊತ್ತೇ ಇದೆ. ಎಂ.ಎ. ಮುಗಿದ ವರ್ಷ ಇದೇ ನಾಗಭೂಷಣ್ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು, "ನಮ್ಮನೆಯಾಗೆ ಒಂದೇ ಒಂದು ಮಾತು ಆಶಾ, ನೀನು ಅದನ್ನ ಬಿಡಬೇಕು. ನಾನಂತೂ ಹುಟ್ಟಿದಾಗಿಂದ ಮುಟ್ಟಿದೋನಲ್ಲ" ಎಂದಿದ್ದರು. ಪ್ರೀತಿಸಿದ ಹುಡುಗ ಕೇಳಿದ್ದು ಒಂದು ಕೋಳಿಯನ್ನು ತಾನೇ ಎಂದು ಬಿಟ್ಟುಕೊಟ್ಟೆ. ಕೊರಳಿಗೆ ಲಿಂಗ ಕಟ್ಟಿಸಿಕೊಂಡೆ, ನೇಮ ಹಿಡಿದೆ, ಒಂದು ದಿನ ತಪ್ಪಲಿಲ್ಲ. ತವರಿಗೆ ಬಂದಾಗಲೂ ಮುಟ್ಟಲಿಲ್ಲ. ನಾನು ಬರುವ ದಿನ ಅವ್ವ ಬದನೆಕಾಯಿ ಪಲ್ಯ ಮಾಡಿಟ್ಟು, ಒಲೆಯ ಸುತ್ತ ಎರಡು ಸಲ ಸಾರಿಸುತ್ತಿದ್ದಳು. ಸಂಸಾರದಲ್ಲಿ ಸಾರವಿದೆಯೋ ಇಲ್ಲವೋ, ಬೇಳೆಸಾರಂತೂ ದಿನಾ ಇತ್ತು.

ಬಸುರಿಯಾಗಿದ್ದಾಗ ಅವ್ವ ಒಮ್ಮೆ ಡಬ್ಬಿ ತುಂಬ ಕೋಳಿಸಾರು ಹಿಡಿದು ಬಂದದ್ದು, ಗೇಟಿನಿಂದಲೇ ಹಿಂದಿರುಗಿದ್ದು ನಿನಗೆ ನೆನಪಿರಬೇಕು. ಅತ್ತೆ ಕಳಿಸಿಬಿಟ್ಟರು ಎಂದು ಅತ್ತುಕೊಂಡು ಹೇಳಿದ್ದೆ. ಕನ್ನಡದಲ್ಲಿ 'ಅತ್ತೆ' ನಾಮಪದವೂ ಹೌದು, ಕ್ರಿಯಾಪದವೂ ಹೌದು ಎಂದು ನೀನು ನಗಿಸಿದ್ದೆ. ನಾನು ಅದೇ ತಮಾಷೆಯನ್ನು ತರಗತಿಯಲ್ಲಿ ಮೂವತ್ತು ವರ್ಷ ಸ್ವಂತದ್ದೆಂಬಂತೆ ಮಾರಿದೆ. ಕ್ಷಮಿಸು.

ಇರಲಿ. ಔಷಧಿ ತರಲು ಯಾವ ಮೆಡಿಕಲ್ಲಿಗೆ ಹೋಗುವುದು? ನಿನ್ನ ತಮ್ಮ ಹಿದಾಯತನ ಅಂಗಡಿ ಇಲ್ಲೇ ಮಾರ್ಕೆಟ್ಟಿನ ಹಿಂದೆ ಇರುವುದು ಗೊತ್ತಿತ್ತು. ಸೆರಗು ಹೊದ್ದು, ಕಳ್ಳಿಯ ಹಾಗೆ ಹೋಗಿ ನಿಂತೆ. ಅವನು ಮೊದಲು ಗುರುತಿಸಲಿಲ್ಲ.

"ಏನ್ರೀ ಅಮ್ಮಾ, ಕರಿ ಕಟ್ಟಾ, ಬಿರ್ಯಾನಿ ಕಟ್ಟಾ? ಸ್ಕಿನ್ ಇರ್ಲಾ, ತೆಗಿಲಾ?"

ಎಂ.ಎ.ಯಲ್ಲಿ ಮೊದಲ ದರ್ಜೆ ಬಂದವಳು ಆ ಪ್ರಶ್ನೆಪತ್ರಿಕೆಯ ಮುಂದೆ ಸೆರಗಿನ ತುದಿ ಜಗ್ಗುತ್ತ ನಿಂತೆ. ಅವನು ತಲೆಯೆತ್ತಿ ನೋಡಿದ. ಕೈಯಲ್ಲಿದ್ದ ಕತ್ತಿ ಕೆಳಗಿಟ್ಟ.

"ಯಾ ಅಲ್ಲಾ, ಆಶಕ್ಕಾ! ನೀನಾ? ದಾರಿ ತಪ್ಪಿ ಬಂದ್ಯಾ?"

"ದಾರಿಗೆ ಬಂದೆ ಕಣೋ, ತಡವಾಗಿ. ನಮ್ಮವ್ವನಿಗೆ ನಿಮ್ಮ ಅಬ್ಬಾ ಹೆಂಗೆ ಕತ್ತರಿಸಿ ಕೊಡ್ತಿದ್ರೋ ಹಂಗೆ ಕೊಡು."

ನಿಮ್ಮ ಅಬ್ಬಾನ ಅಂಗಡಿ ಬಿಟ್ಟು ಬೇರೆ ಕಡೆ ಅವ್ವ ಕೋಳಿ ತಂದವಳೇ ಅಲ್ಲ. "ಬ್ಯಾರೆ ಕಡೆ ತಂದ್ರೆ ಮೆಹರ್ ಮನೆಗೆ ಬಟ್ಟಲು ಕಳಿಸಾಕೆ ಬರಲ್ಲ" ಅನ್ನುತ್ತಿದ್ದಳು. ಅವಳು ಮಾಡುವ ಸಾರಿನಲ್ಲಿ ನಿಮ್ಮ ಮನೆಯ ಪಾಲು ಕೋಳಿ ಕೊಯ್ಯುವಾಗಲೇ ಇರುತ್ತಿತ್ತು. ಹಿದಾಯತ್ ಕತ್ತರಿಸುತ್ತ ಕತ್ತರಿಸುತ್ತ ಒಂದು ಮಾತು ಹೇಳಿದ. ಅದನ್ನು ಕೊನೆಗೆ ಬರೆಯುತ್ತೇನೆ. ಈಗ ಬರೆದರೆ ಮುಂದಿನದು ಬರೆಯಲಾರೆ.

ಹಿತ್ತಿಲಿನಲ್ಲಿ ತಗಡಿನ ಶೀಟಿನ ಕೆಳಗೆ, ಹಿಂದೆ ಸ್ನಾನಕ್ಕೆ ನೀರು ಕಾಯಿಸುತ್ತಿದ್ದ ಒಲೆ ಇದೆ. ಅಲ್ಲಿ ಕೂತೆ. ನಿಜ ಹೇಳಲಾ? ನನಗೆ ಯಜಮಾನರ ಪ್ರೋಟೀನಿನ ಚಿಂತೆ ಇರಲಿಲ್ಲ. ಅವ್ವ ಹೋಗಿ ಹತ್ತೊಂಬತ್ತು ವರ್ಷವಾಯಿತು. ಅವಳ ಸಾರಿನ ರುಚಿ ಒಂದು ಸಲ, ಒಂದೇ ಒಂದು ಸಲ ಕೈಗೆ ಸಿಕ್ಕೀತೇ ಎಂಬ ಆಸೆ. ಆಶಾರಾಣಿ ಎಂದು ಹೆಸರಿಟ್ಟವಳು ಅವಳೇ ತಾನೇ.

ತುಂಡುಗಳಿಗೆ ಉಪ್ಪು, ಅರಿಶಿನ ಸವರಿ ಇಟ್ಟೆ. ಒಣಕೊಬ್ಬರಿ, ಧನಿಯಾ, ನಾಲ್ಕು ಮೆಣಸು, ಚಕ್ಕೆ, ಲವಂಗ ಹುರಿದೆ. ಒಳಗಿನ ಮಿಕ್ಸಿ ಮುಟ್ಟುವಂತಿಲ್ಲವಲ್ಲ, ಹಿತ್ತಿಲಿನ ಕಲ್ಲಿನಲ್ಲೇ ಅರೆದೆ. ಈರುಳ್ಳಿ ಕೆಂಪಾಗುವವರೆಗೆ ಬಾಡಿಸಿ, ಬೆಳ್ಳುಳ್ಳಿ ಶುಂಠಿ ಹಾಕಿ, ಕೋಳಿ ಹಾಕಿ, ಒಂದು ತೊಟ್ಟೂ ನೀರು ಸೇರಿಸದೆ ಮುಚ್ಚಿ, ಮುಚ್ಚಳದ ಮೇಲೆ ನೀರು ನಿಲ್ಲಿಸಿದೆ. ಅವ್ವ ಹಾಗೇ ಮಾಡುತ್ತಿದ್ದಳು: "ಅದು ತನ್ನ ನೀರಾಗೆ ತಾನು ಬೇಯಬೇಕು." ಕೈಗಳು ಯಾರನ್ನೂ ಕೇಳದೆ ಇಷ್ಟನ್ನು ಮಾಡಿದವು. ಆಮೇಲೆ ಖಾರದಪುಡಿ ಎಷ್ಟು, ಟೊಮೆಟೊ ಮೊದಲೋ ಮಸಾಲೆ ಮೊದಲೋ ಎಂಬಲ್ಲಿ ಕೈ ನಿಂತುಬಿಟ್ಟಿತು. ಅಂದಾಜಿನಲ್ಲಿ ಹಾಕಿ, ಮುಚ್ಚಳದ ಮೇಲೆ ಕಾದಿದ್ದ ನೀರು ಸುರಿದೆ.

ಅಷ್ಟು ಹೊತ್ತೂ ಅತ್ತೆ ಅಡುಗೆಮನೆಯ ಕಿಟಕಿಯಲ್ಲಿ, ಮೂಗಿಗೆ ಸೆರಗು ಹಿಡಿದು ನಿಂತಿದ್ದರು.

"ಖಾರ ಕಮ್ಮಿ ಹಾಕು, ನನ್ ಮಗನಿಗೆ ಉಷ್ಣ ಆಗ್ತೈತೆ."

"ಹೂಂ."

"ಮೆತ್ತಗೆ ಬೇಯಿಸು. ಮತ್ತ ಉಪ್ಪು ನೋಡಾಕಂತ ಬಾಯಿಗೆ ಹಾಕ್ಕೊಂಡಿಯ, ನಿನಗೇನು ಕಾಯಿಲೆ ಇಲ್ಲ."

ಬಸುರಿತನ ಕಾಯಿಲೆಯಲ್ಲವಲ್ಲ ಮೆಹರ್, ಅದಕ್ಕೇ ಆಗ ನನಗೆ ಈ ಔಷಧಿ ಸಿಗಲಿಲ್ಲ.

ಸಾರು ಒಳಗೆ ಬರುವಂತಿಲ್ಲ, ಆದ್ದರಿಂದ ಕಾಯಿಲೆಯವರೇ ಹೊರಗೆ ಬಂದರು. ಹಿತ್ತಿಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಶಾಲು ಹೊದ್ದು ಕೂತರು. ರೊಟ್ಟಿ ಮುರಿದು, ಅದ್ದಿ, ಬಾಯಿಗಿಟ್ಟರು. ನಾನು ಪರೀಕ್ಷೆ ಬರೆದ ಹುಡುಗಿಯ ಹಾಗೆ ಮುಖ ನೋಡುತ್ತ ನಿಂತಿದ್ದೆ. ಎರಡನೆಯ ತುತ್ತು ನುಂಗಿ, ತುಂಡಿನ ಎಲುಬನ್ನು ಬಲು ನಾಜೂಕಾಗಿ ಬಾಯಿಯ ಒಂದು ಬದಿಯಿಂದ ತೆಗೆದು ತಟ್ಟೆಯ ಅಂಚಿಗಿಟ್ಟು, ಹೇಳಿದರು:

"ಚಲೋ ಐತೆ. ಆದ್ರ ತೆಳ್ಳಗಾತು. ಹರಿಹರದ ಖಾನಾವಳಿಯಾಗೆ ಗಸಗಸೆ ಅರೆದು ಹಾಕ್ತಾರ, ಗಟ್ಟಿ ಬರ್ತೈತೆ."

ಒಲೆಯಲ್ಲಿ ಕಟ್ಟಿಗೆ ಚಟಪಟ ಅಂದಿತು.

"ಯಾವ ಖಾನಾವಳಿ ರೀ?"

"ಅದೇ... ಫ್ಯಾಕ್ಟ್ರಿ ಕಡೆ ಹೋದಾಗ. ಗೆಳೆಯರು ಬಲವಂತ ಮಾಡಿದ್ರು, ಒಂದು ಸಲ."

"ಒಂದು ಸಲ ತಿಂದೋರು ಎಲುಬು ಹಿಂಗೆ ತೆಗೀತಾರೇನ್ರೀ?"

ಅವರು ರೊಟ್ಟಿ ಮುರಿದರು. ಕಿಟಕಿ ಮಾತಾಡಿತು.

"ಏ ಆಶಾ, ಉಣ್ಣೋವಾಗ ಯಾಕ ಪಂಚಾಯ್ತಿ? ಗಂಡಸ್ರು ಹೊರಗೆ ತಿಂದಿದ್ದು ಹೊರಗೇ ಇರ್ತೈತೆ. ಮನೀಗೇನು ತಂದಿಲ್ಲಲ್ಲ ನನ್ ಮಗ."

ಅಂದರೆ ಅವರಿಗೂ ಗೊತ್ತಿತ್ತು! ಕಿವಿ ಕೇಳದವರಿಗೆ ಇದು ಮಾತ್ರ ಯಾವತ್ತೋ ಕೇಳಿಸಿತ್ತು.

ನಿಂತಲ್ಲೇ ಒಂದೊಂದೇ ನೆನಪಾಯಿತು. ಅವರ ಬೇರಿಂಗ್ ಅಂಗಡಿಯ ವ್ಯವಹಾರಕ್ಕೆಂದು ಪ್ರತಿ ಬುಧವಾರ ಹರಿಹರ. ಬುಧವಾರ ಬೆಳಿಗ್ಗೆ ಕೊರಳಿನ ಲಿಂಗದ ಕರಡಿಗೆ ಬಿಚ್ಚಿ ದೇವರಮನೆಯ ಮೊಳೆಗೆ ಹಾಕಿ ಹೋಗುತ್ತಿದ್ದರು. "ಫ್ಯಾಕ್ಟ್ರಿಯಾಗೆ ಸೆಕೆ, ಬೆವರು ತಾಗ್ತೈತೆ" ಎನ್ನುತ್ತಿದ್ದರು. ನಾನು ಎಷ್ಟು ಭಕ್ತಿ ನೋಡು ಎಂದುಕೊಂಡು, ಅವರು ಬರುವಷ್ಟರಲ್ಲಿ ಅದರ ದಾರ ತೊಳೆದು ಒಣಗಿಸಿ ಇಡುತ್ತಿದ್ದೆ. ನನ್ನ ತವರಿನ ಬೀದಿ ದಾಟಿಯೇ ಆ ಖಾನಾವಳಿಗೆ ಹೋಗಬೇಕು. ಅಳಿಯ ಅಲ್ಲಿ ಉಂಡು ಕೈ ತೊಳೆಯುವ ಹೊತ್ತಿಗೆ, ಎರಡು ಬೀದಿ ಈಚೆ ಅವ್ವ ನನಗಾಗಿ ಒಲೆ ಸಾರಿಸುತ್ತಿದ್ದಳು.

"ಯಾವಾಗಿಂದ?" ಎಂದೆ.

"ಕಾಲೇಜಿನಾಗಿಂದ," ಎಂದರು ತಟ್ಟೆ ನೋಡುತ್ತ. ಆಮೇಲೆ ಮೆಲ್ಲಗೆ, "ಇನ್ನೊಂದು ರೊಟ್ಟಿ ಐತೇನು?"

ಕೊಟ್ಟೆ ಕಣೆ. ಕೈ ಕೊಟ್ಟುಬಿಟ್ಟಿತು, ಮೂವತ್ತೈದು ವರ್ಷದ ರೂಢಿ.

ಅವರು ಒಳಗೆ ಹೋಗಿ ಮಲಗಿದ ಮೇಲೆ ಪಾತ್ರೆಯ ತಳದಲ್ಲಿ ನಾಲ್ಕು ತುಂಡು ಉಳಿದಿತ್ತು. "ಅದನ್ನ ನಾಯಿಗೆ ಹಾಕಿ ಜಳಕ ಮಾಡ್ಕಂಬಾ" ಎಂದು ಕಿಟಕಿ ಮುಚ್ಚಿಕೊಂಡಿತು. ನಾನು ಒಲೆಯ ಮುಂದೆ ಕೂತು, ಕೊರಳಿನ ಲಿಂಗವನ್ನು ಬಿಚ್ಚದೆ, ಮುಚ್ಚಿಡದೆ, ಒಂದು ತುಂಡು ಬಾಯಿಗಿಟ್ಟೆ. ತಪ್ಪಾದರೆ ಕಣ್ಣೆದುರೇ ತಪ್ಪಾಗಲಿ, ಮೊಳೆಗೆ ಹಾಕಿ ಹೋಗುವ ಜಾಣತನ ನನಗೆ ಬೇಡ.

ಸಾರು ಚೆನ್ನಾಗಿತ್ತೇ? ಇರಬಹುದು. ಅವ್ವನ ಸಾರಿನ ಹಾಗಿತ್ತೇ? ಗೊತ್ತಾಗಲಿಲ್ಲ. ಹೋಲಿಸಿ ನೋಡಲು ನಾಲಿಗೆಯ ಮೇಲೆ ಅವಳದು ಉಳಿದೇ ಇರಲಿಲ್ಲ. ಮುಚ್ಚಳದ ಮೇಲಿನ ನೀರು ನೆನಪಿದೆ, ಬಳೆಯ ಸದ್ದು ನೆನಪಿದೆ, ರುಚಿ ಮಾತ್ರ ಅಳಿಸಿಹೋಗಿದೆ. ಅದನ್ನು ಬಿಟ್ಟೆ ಬಿಟ್ಟೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಅದೇ ನನ್ನನ್ನು ಬಿಟ್ಟು ಯಾವಾಗಲೋ ಹೋಗಿದೆ.

ಇವತ್ತು ಮತ್ತೆ ಔಷಧಿಯ ದಿನ. ಬೆಳಿಗ್ಗೆ ಅತ್ತೆ ಹೊಸ ಪಾತ್ರೆ ತೊಳೆದು ಹಿತ್ತಿಲ ಬಾಗಿಲಲ್ಲಿ ಇಟ್ಟಿದ್ದರು. "ಹರಿಹರದಿಂದ ಪಾರ್ಸೆಲ್ ತರಿಸ್ಕೊಳ್ರಿ ಅತ್ತೆ, ಅಲ್ಲಿ ಗಸಗಸೆ ಹಾಕ್ತಾರಂತೆ" ಎಂದು ಹೇಳಿ ನಾನು ಕಾಗದ ಬರೆಯಲು ಕೂತಿದ್ದೇನೆ. ಇಬ್ಬರೂ ಪಕ್ಕದ ಕೋಣೆಯಲ್ಲಿ ಪಿಸುಗುಟ್ಟುತ್ತಿದ್ದಾರೆ. ಒಬ್ಬರಿಗೆ ಕಿವಿ ಕೇಳದ ಕಾರಣ ಪಿಸುಮಾತು ಬೀದಿಗೆಲ್ಲ ಕೇಳುತ್ತಿದೆ.

ನಿನ್ನ ಮೊಣಕಾಲು ಬೇಗ ಸರಿಹೋಗಲಿ. ನಿನ್ನ ಮಗ ಫರ್ದೀನನಿಗೂ ಅವನ ಹೆಂಡತಿಗೂ ನನ್ನ ಆಶೀರ್ವಾದ. ಯುಕೆಜಿಯ ಮೊಮ್ಮಗಳು ಪುಟ್ಟ ರುಮಾನಾ ಕನ್ನಡ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯುತ್ತಾಳೆಂದು ಬೈಯಬೇಡಿರಿ, ನಾನು ಬಂದು ತಿದ್ದಿಸುತ್ತೇನೆ. ನಿಮ್ಮ ಒಲೆ ಯಾವಾಗಲೂ ಮನೆಯ ಒಳಗೇ ಉರಿಯಲಿ.

ನಿನ್ನ
ಆಶಾ

ತಾ.ಕ.: ಹಿದಾಯತ್ ಹೇಳಿದ ಮಾತು. "ಆಶಕ್ಕಾ, ನೀನು ಬಸುರಿ ಇದ್ದಾಗ ಒಂದಿನ ನಿಮ್ಮವ್ವ ಡಬ್ಬಿ ವಾಪಸ್ ತಂದು ಸೀದಾ ನಮ್ಮನೆಗೇ ಬಂದ್ರು. 'ಆಶಾಗೆ ಹೊಟ್ಟೆ ತುಂಬೈತೆ, ನೀವು ಉಣ್ರಿ' ಅಂದ್ರು. ಮೆಹರ್ ಆಪಾನೂ ಆಗ ಬಸುರಿ, ಅಮ್ಮೀ ಮನೆಗೆ ಬಂದಿದ್ಲಲ್ಲ, ಒಬ್ಬಳೇ ಬಟ್ಟಲು ಬಳಿದು ಉಂಡ್ಲು. ಆಮ್ಯಾಲೆ ನಿಮ್ಮವ್ವ ಅಂಗಡಿಗೆ ಬರಲೇ ಇಲ್ಲ. ಅಬ್ಬಾ ಕೇಳಿದ್ರೆ, 'ಹುಡುಗಿ ಬಿಟ್ಟೈತೆ, ನನಗ್ಯಾಕೆ' ಅಂದ್ರಂತೆ."

ನಿನಗಿದು ಗೊತ್ತಿತ್ತು, ನನ್ನ ಮುಖ ನೋಡಿ ಹೇಳಲಿಲ್ಲ. ನಿನಗೆ ಗೊತ್ತಿಲ್ಲದ್ದನ್ನು ನಾನು ಹೇಳುತ್ತೇನೆ. ಆ ದಿನ ಅವ್ವನನ್ನು ಕಳಿಸಿದ್ದು ಅತ್ತೆಯಲ್ಲ. ಅವತ್ತು ಅಮಾವಾಸ್ಯೆ, ಅತ್ತೆ ದೇವರಿಗೆಂದು ಉಕ್ಕಡಗಾತ್ರಿಗೆ ಹೋಗಿದ್ದರು, ಯಜಮಾನರು ಅಂಗಡಿಗೆ. ಅದನ್ನು ತಿಳಿದೇ, ಮನೆಯಲ್ಲಿ ಯಾರೂ ಇಲ್ಲದ ದಿನ ನೋಡಿಕೊಂಡೇ ಅವ್ವ ಬಂದಿದ್ದಳು. ಗೇಟು ತೆರೆಯದೆ ನಿಂತವಳು ನಾನು, ಹೊಟ್ಟೆಯಲ್ಲಿ ಏಳು ತಿಂಗಳ ಕೃತಿಕಾ. "ಇಂಥವೆಲ್ಲ ಈ ಮನೆಗೆ ತರಬ್ಯಾಡವ್ವ, ನಾನೀಗ ನಿಮ್ಮಂಗಲ್ಲ" ಎಂದೆ. ಸಂಜೆ ಅತ್ತೆ ಬಂದಾಗ ಅದನ್ನು ನಾನೇ ಹೇಳಿ, ಜಾಣೆ ಅನ್ನಿಸಿಕೊಂಡೆ. ಮೂವತ್ಮೂರು ವರ್ಷದಿಂದ ಅವರ ಮೇಲೆ ಹೊರಿಸಿಕೊಂಡು ಬಂದಿದ್ದು ನನ್ನ ಮಾತನ್ನು.

ಭಾನುವಾರ ಬರುತ್ತೇನೆ. ಕೋಳಿ ನಾನು ತರುತ್ತೇನೆ, ನೀನು ಕುರ್ಚಿಯಲ್ಲಿ ಕೂತು ಹೇಳು, ಹೇಳಿದ ಹಾಗೆ ಮಾಡುತ್ತೇನೆ. ಅವ್ವನ ಕೈಯ ಕೊನೆಯ ಸಾರು ಉಂಡ ನಾಲಿಗೆ ನಿನ್ನದೊಂದೇ. ಖಾರ ಎಷ್ಟಿತ್ತು, ಟೊಮೆಟೊ ಇತ್ತೇ, ಎಲ್ಲ ನೆನಪು ಮಾಡಿಟ್ಟುಕೊಂಡಿರು. ಉಪ್ಪು ಸರಿಯಿತ್ತೇನೆ, ಮೆಹರ್?