ಆ ಕೆನ್ನೆಗೆ ಹೋದ ಮಚ್ಚೆ

ಅಮ್ಮಾ,

ಇವತ್ತು ಮೊದಲ ಸಲ ಬಟ್ಟೆಯ ಮೇಲೆ ಫೋಟೋ ಒತ್ತಿದೆ! ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈಗೆ ಈ ಮೆಷಿನ್ ಒಗ್ಗುತ್ತದೋ ಇಲ್ಲವೋ ಅಂತ ಮೂರು ದಿನದಿಂದ ಊಟ ಸೇರಿರಲಿಲ್ಲ. ಬಟ್ಟೆ ಸುಟ್ಟರೆ? ಅಂಗಡಿ ತೆರೆಯುವ ಮೊದಲೇ ಮುಚ್ಚಿದರೆ?

ಮೆಷಿನ್ ಪರೀಕ್ಷಿಸಲು ನಿನ್ನ ಗುರುತಿನ ಚೀಟಿಯ ಫೋಟೋ ಹಾಕಿದೆ. ನೀನು ಹೋದ ಮೇಲೆ ಹುಡುಕಿದರೆ ಅದೊಂದೇ ಸಿಕ್ಕಿದ್ದು. ತೆಗೆಸೋಣ, ತೆಗೆಸೋಣ ಅಂತಲೇ ಇದ್ದೆನಲ್ಲ. ಮೊದಲು ಕಾಗದದ ಮೇಲೆ ಪ್ರಿಂಟ್ ತೆಗೆದರೆ ಬಣ್ಣ ಸಪ್ಪೆಯಾಗಿ ಬಂತು. ಕೆಟ್ಟೇಹೋಯಿತು ಅಂದುಕೊಂಡೆ. ಬಿಳಿ ಪಾಲಿಯೆಸ್ಟರ್ ಟೀ ಶರ್ಟಿನ ಮೇಲೆ ಅದನ್ನು ಬೋರಲು ಹಾಕಿ, ಮೆಷಿನ್ನಿನ ಬಿಸಿ ತಟ್ಟೆ ಒತ್ತಿ, ಅರವತ್ತು ಎಣಿಸಿ ಕಾಗದ ಎತ್ತಿದರೆ, ಅಬ್ಬಾ, ನಿನ್ನ ಶಾಲಿನ ಕೆಂಪು ಧಗಧಗ ಅಂತಿತ್ತು! ಕುಣಿದೇಬಿಟ್ಟೆ.

ತಂಗಿ ಓಡಿಬಂದು ನೋಡಿ ನಕ್ಕಳು. "ಅಯ್ಯೋ ಅಕ್ಕಾ, ಅಮ್ಮನ ಮಚ್ಚೆ ಈ ಕೆನ್ನೆಯಿಂದ ಆ ಕೆನ್ನೆಗೆ ಹಾರಿದೆಯಲ್ಲೇ! ಕಾಗದದ ಮೇಲೆ ಎಡಬಲ ಉಲ್ಟಾ ಮಾಡಿ ಪ್ರಿಂಟ್ ಹಾಕು ಅಂತ ಎಷ್ಟು ಬಡ್ಕೊಂಡೆ!"

"ಹೆದರಿಕೆಯಲ್ಲಿ ಮರೆತೆ ಕಣೇ, ಬಿಡು."

ಎರಡನೆಯದನ್ನು ಸರಿಯಾಗಿಯೇ ಒತ್ತಿದೆ. ನಾಳೆಯೇ ಅಂಗಡಿ ತೆರೆಯುತ್ತೇನೆ. ಆದರೆ ಮೊದಲನೆಯದನ್ನು ಎಸೆಯಲು ಮನಸ್ಸು ಬರಲಿಲ್ಲ. ಕನ್ನಡಿಯಲ್ಲಿ ನೀನು ನೋಡಿಕೊಳ್ಳುತ್ತಿದ್ದ ಮುಖ ಇದೇ ಅಲ್ಲವೇ? ಇಷ್ಟು ವರ್ಷ ಜೊತೆಗಿದ್ದೂ, ನಿನಗೆ ನೀನು ಹೇಗೆ ಕಾಣುತ್ತಿದ್ದೆ ಅಂತ ಇವತ್ತೇ ನೋಡಿದ್ದು.