ಖಾರ್ಟೂಮಿನಿಂದ ಪೆಟ್ಟಿಗೆ ಮಾತ್ರ ಬಂತು

ನೈರೋಬಿ, ೧೯೯೩

ಮೈಮೂನಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಿನ್ನ ಹೆಸರಿಗೆ ಬಂದ ಕಾಗದವನ್ನು ಮೊದಲು ಒಡೆಯುವವನು ನಿನ್ನ ಗಂಡ.

ಇವತ್ತು ಮಧ್ಯಾಹ್ನ ನ್ಗಾರಾದ ಮನೆಯಿಂದ ನಿನ್ನ ಉಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಏರ್‌ಪೋರ್ಟಿಗೆ ಹೋದೆ. ಮಗಳ ಮುಖ ನೋಡದೆ ಆಪರೇಷನ್ ಬೇಡ ಎಂದು ಅವರ ಹಟ. ಅವರನ್ನು ಕಾರಿನಲ್ಲೇ ಬಿಟ್ಟು ಒಳಗೆ ಹೋಗಿ ನಿಂತೆ. ಖಾರ್ಟೂಮಿನ ವಿಮಾನದವರೆಲ್ಲ ಹೊರಗೆ ಬಂದರು. ನೀನು ಬರಲಿಲ್ಲ.

ಕೊನೆಗೆ ಉಡುಪಿ ಕಡೆಯ ನರ್ಸೊಬ್ಬಳು ನಿನ್ನ ಕೆಂಪು ಪೆಟ್ಟಿಗೆ ತಳ್ಳಿಕೊಂಡು ಬಂದಳು.

"ಐರಿನ್ ಅಂದ್ರೆ ನೀವೇ ಅಲ್ವಾ? ಪೆಟ್ಟಿಗೆ ಆಗಲೇ ವಿಮಾನಕ್ಕೆ ಹೋಗಿತ್ತು. ಅಷ್ಟರಲ್ಲಿ ಅವರ ಗಂಡ ಬಂದು, ಕೊಟ್ಟ ಪರ್ಮಿಶನ್ ವಾಪಸ್ ತಗೊಂಡೆ ಅಂದ್ರು. ಅಲ್ಲಿ ಹೆಂಗಸರು ದೇಶ ಬಿಡ್ಲಿಕ್ಕೆ ಗಂಡ ಹೂಂ ಅನ್ಬೇಕು. ಆಫೀಸರ್ ಪಾಸ್‌ಪೋರ್ಟನ್ನು ಗಂಡನ ಕೈಗೇ ಕೊಟ್ಟ. ಮೈಮೂನಾ ಅವರು ಲಗೇಜ್ ಚೀಟಿ ನನ್ನ ಕೈಗೆ ತುರುಕಿದ್ರು."

ನಿಕಾಹ್ ಆದ ದಿನ ಅವನು ನಿನ್ನ ಪಾಸ್‌ಪೋರ್ಟನ್ನು ತನ್ನ ಜೇಬಿಗೆ ಹಾಕಿಕೊಂಡಿದ್ದ. "ಎಷ್ಟು ಜೋಪಾನ ನೋಡು" ಎಂದು ನಾವಿಬ್ಬರೂ ನಕ್ಕಿದ್ದೆವು.

ನನಗೆ ಡ್ರೈವಿಂಗ್ ಕಲಿಸಿದವಳು ನೀನು. ಇವತ್ತು ನಿನ್ನ ಪೆಟ್ಟಿಗೆಯನ್ನು ಕಾರಿನ ತನಕ ನಾನೊಬ್ಬಳೇ ತಳ್ಳಿಕೊಂಡು ಬಂದೆ. ಪೆಟ್ಟಿಗೆ ಕಂಡದ್ದೇ ಉಮ್ಮನ ಮುಖ ಅರಳಿತು.

"ಅವಳೆಲ್ಲಿ, ಟಾಯ್ಲೆಟಿಗೆ ಹೋದ್ಲಾ? ಬರ್ಲಿ ಮಾರಾಯ್ತಿ, ನಮಗೇನು ಅರ್ಜೆಂಟ್."

ನಾನು ಹೂಂ ಅಂದೆ.

ಅವರು ಹಿಂದಿನ ಸೀಟಿನಲ್ಲಿ ನಿನಗೆ ಜಾಗ ಬಿಟ್ಟು ಸರಿದು ಕೂತರು.